ಮೂರು ದಿನದ ಹಾಲು ಗೇಟಲ್ಲೇ ಇತ್ತು: ಊರಿಗೆ ವಾಪಸ್ ಬಂದ ಮೇಲೂ ಜನ ಯಾಕೆ ಸಿಗ್ತಿಲ್ಲ?

ಮಳೆನೆರಳು · ಭಾನುವಾರ, ರಾತ್ರಿ 9:50

ಇದನ್ನ ಬರೀಲೋ ಬೇಡ್ವೋ ಅಂತ ಒಂದು ವಾರದಿಂದ ಯೋಚಿಸ್ತಿದ್ದೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ನಾನು ಹಾಸನದವಳೇ. ಓದಿದ್ದೆಲ್ಲ ಇಲ್ಲೇ, ಆಮೇಲೆ 13 ವರ್ಷ ಬೆಂಗಳೂರು. ಅಲ್ಲಿದ್ದಷ್ಟು ದಿನವೂ ಮನಸ್ಸಿಗೆ ಒಂದೇ ಸಮಾಧಾನ ಹೇಳ್ಕೊಂಡಿದ್ದೆ: ಇಲ್ಲಿ ನನಗೆ ಯಾರೂ ಇಲ್ಲ, ಅದಕ್ಕೇ ಹೀಗಾಗ್ತಿದೆ, ಹಾಸನಕ್ಕೆ ಹೋದ್ರೆ ಎಲ್ಲ ಸರಿಹೋಗುತ್ತೆ. ಮನೆಯಿಂದಲೇ ಕೆಲಸ ಮಾಡಿ ಅಂತ ಆಫೀಸಿನವರು ಒಪ್ಪಿದ್ದೇ ತಡ, ಗಂಟುಮೂಟೆ ಕಟ್ಟಿಕೊಂಡು ಬಂದುಬಿಟ್ಟೆ. ಅಪ್ಪ ಅಮ್ಮ ಈಗಿಲ್ಲ, ಹಳೇ ಮನೆ ಮಾರಾಟವಾಗಿ ವರ್ಷಗಳಾಗಿವೆ. ವಿದ್ಯಾನಗರದಲ್ಲಿ ಮೊದಲನೇ ಮಹಡಿ ಬಾಡಿಗೆಗೆ ಸಿಕ್ತು. ಗಾಳಿ ಬೆಳಕು ಚೆನ್ನಾಗಿದೆ, ನೀರಿಗೆ ತೊಂದರೆ ಇಲ್ಲ. ಅಮ್ಮ ಇದ್ದಿದ್ರೆ ಇಷ್ಟಪಡೋರು.

ಹೋದ ತಿಂಗಳು ಜ್ವರ ಬಂತು. ನಮ್ಮಲ್ಲಿ ಹಾಲಿನ ಪ್ಯಾಕೆಟ್ ಹಾಕೋಕೆ ಗೇಟಿಗೆ ಒಂದು ಬಟ್ಟೆ ಬ್ಯಾಗ್ ನೇತುಹಾಕಿರ್ತೀವಲ್ಲ, ಮೊದಲನೇ ದಿನ ಕೆಳಗಿಳಿದು ಅದನ್ನ ತರೋಕಾಗ್ಲಿಲ್ಲ. ಎರಡನೇ ದಿನವೂ ಆಗ್ಲಿಲ್ಲ. ಮೂರನೇ ದಿನ ಬೆಳಿಗ್ಗೆ ಆರಕ್ಕೆ ಯಾರೋ ಬಾಗಿಲು ಬಡಿದ್ರು. ಗೋಡೆ ಹಿಡ್ಕೊಂಡು ಹೋಗಿ ತೆಗೆದೆ. ಹದಿನೇಳು ಹದಿನೆಂಟರ ಹುಡುಗ, ಕೈಯಲ್ಲಿ ನನ್ನ ಬ್ಯಾಗು. ಕೆಳಗಿನ ಎರಡು ಪ್ಯಾಕೆಟ್ ಊದಿಕೊಂಡಿದ್ವು. "ಅಕ್ಕ, ಊರಿಗೆ ಹೋಗಿದೀರೇನೋ ಅಂದ್ಕೊಂಡೆ. ಆದ್ರೆ ದಿನಾ ಬೆಳಿಗ್ಗೆ ಬಂದಾಗ ರೂಮಿನ ಲೈಟ್ ಉರೀತಾನೇ ಇತ್ತು. ಅದಕ್ಕೇ ಹತ್ತಿ ಬಂದೆ" ಅಂದ. ಅವನೇ ಹೋಗಿ ಮೆಡಿಕಲ್ ಸ್ಟೋರ್ ತೆಗೆದ ಮೇಲೆ ಮಾತ್ರೆ ತಂದುಕೊಟ್ಟ. ನಾಲ್ಕು ತಿಂಗಳಿಂದ ನನಗೆ ಹಾಲು ಹಾಕ್ತಿರೋ ಹುಡುಗನ ಮುಖ ನಾನು ನೋಡಿದ್ದು ಅವತ್ತೇ ಮೊದಲು.

ಕೆಳಗಡೆ ಮನೆಯಲ್ಲಿ ನಾಲ್ಕು ಜನ ಇದ್ದಾರೆ. ಮೂರು ದಿನ ಅದೇ ಗೇಟು ತೆಗೆದು ಹಾಕಿ ಓಡಾಡಿದ್ದಾರೆ. ಅವರನ್ನ ನಾನು ಖಂಡಿತ ದೂರಲ್ಲ. ಅವರ ಹಾಲು ಮೂರು ದಿನ ಅಲ್ಲೇ ನೇತಾಡ್ತಿದ್ರೆ ನಾನೂ ಹಾಗೇ ದಾಟಿ ಹೋಗ್ತಿದ್ದೆ. ನನ್ನನ್ನ ಕೊರೀತಿರೋದು ಅದೇ.

ಚಿಕ್ಕವಳಿದ್ದಾಗ ಅಮ್ಮ ರಾತ್ರಿ ಹಾಲು ಕಾಯಿಸಿಟ್ಟು "ಹೆಪ್ಪಿಲ್ಲ, ಹೋಗಿ ಒಂಚೂರು ಇಸ್ಕೊಂಡು ಬಾ" ಅಂತ ಚಿಕ್ಕ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಕಳಿಸೋರು. ಒಂದು ಚಮಚ ಮಜ್ಜಿಗೆ, ಅಷ್ಟೇ. ಆದ್ರೆ ಆ ಒಂದು ಚಮಚಕ್ಕೆ ಹೋದವಳು ಅರ್ಧ ಗಂಟೆ ಬಿಟ್ಟು ಬರ್ತಿದ್ದೆ. ಈಗ ಮೊಸರೂ ಪ್ಯಾಕೆಟಲ್ಲಿ ಬರುತ್ತೆ, ಕರಿಬೇವೂ ಫೋನ್ ಒತ್ತಿದ್ರೆ ಬರುತ್ತೆ. ಯಾರನ್ನೂ ಏನೂ ಕೇಳೋ ಹಾಗಿಲ್ಲ. ಹೀಗೆ ಒಬ್ಬರಿಗೊಬ್ಬರು ಬೇಡವಾಗಿದ್ದಕ್ಕೇ ಮಾತೂ ನಿಂತುಹೋಯ್ತು ಅಂತ ನನಗನ್ನಿಸುತ್ತೆ. ನಿಮ್ಮ ಅನುಭವ ಏನು? ಹಾಸನ, ಚಿಕ್ಕಮಗಳೂರಿನಂಥ ಊರಲ್ಲಿ ಹೊಸದಾಗಿ ಜನರನ್ನ ಕಂಡ್ಕೊಂಡವರು ಯಾರಾದ್ರೂ ಇದ್ದೀರಾ?

ಅಂಚೆಪೆಟ್ಟಿಗೆ72 · ಭಾನುವಾರ, ರಾತ್ರಿ 10:04

ಮೇಡಂ, ಈಗ ಹುಷಾರಾಗಿದೀರಾ? ಮೊದಲು ಅದು ಹೇಳಿ.

ಮಳೆನೆರಳು · ಭಾನುವಾರ, ರಾತ್ರಿ 10:11

ಹುಷಾರಾಗಿದೀನಿ ಸರ್. ಸುಸ್ತು ಇನ್ನೂ ಸ್ವಲ್ಪ ಇದೆ. ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಗಡ್ಡೆಹೊಲ · ಭಾನುವಾರ, ರಾತ್ರಿ 10:40

ದುದ್ದ ಕಡೆ ನಮ್ದು. ಅಕ್ಕ, ಹಳ್ಳಿಲಿ ಇದ್ರೆ ಜನ ಇರ್ತಾರೆ ಅನ್ಕಂಡಿದ್ರೆ ಅದೂ ಈಗ ಇಲ್ಲ. ಸಂಜೆ ಏಳಾದ್ರೆ ಬಾಗಿಲು ಹಾಕಂಡು ಟಿವಿ, ಇಲ್ಲ ಮೊಬೈಲು.

ನೀವು ಹೆಪ್ಪಿನ ವಿಷಯ ಹೇಳಿದ್ರಲ್ಲ, ನಮ್ಗೆ ಅದು ಮುಯ್ಯಾಳು. ಇವತ್ತು ನಮ್ಮ ಗದ್ದೆ ನಾಟಿಗೆ ನಿಮ್ಮನೆಯಿಂದ ಎರಡಾಳು ಬಂದ್ರೆ, ನಾಳೆ ನಿಮ್ಮ ಗದ್ದೆಗೆ ನಮ್ಮನೆಯಿಂದ ಎರಡಾಳು. ದುಡ್ಡಿನ ಮಾತೇ ಇಲ್ಲ. ಮುಂಗಾರಿಗೆ ಮುಂಚೆ ಬಿತ್ತನೆಗೆ ಜಲಂಧರ್ ಆಲೂಗಡ್ಡೆ ತಂದು ಜಗಲಿ ಮೇಲೆ ಸುರಿದು, ಒಂದೊಂದು ಹೋಳಲ್ಲೂ ಕಣ್ಣು ಇರೋ ಹಂಗೆ ನೋಡಿ ನೋಡಿ ಕುಯ್ಯೋದು. ಆರೇಳು ಜನ ಸುತ್ತ ಕೂತಿರೋರು, ರಾತ್ರಿ ಹನ್ನೊಂದಾಗೋದು. ಮದುವೆ ಮಾತುಕತೆ, ಜಗಳ ತೀರ್ಮಾನ ಎಲ್ಲಾ ಅಲ್ಲೇ ಆಗೋದು. ಈಗ ಗುತ್ತಿಗೆ ಆಳು ಬರ್ತಾರೆ, ಕುಯ್ದು ದುಡ್ಡು ಇಸ್ಕಂಡು ಹೋಯ್ತಾರೆ. ಅವರದ್ದೇನು ತಪ್ಪಿಲ್ಲ, ಅವರ ಹೊಟ್ಟೆಪಾಡು. ಆದ್ರೆ ಮುಯ್ಯಿ ಇದ್ದ ಕಾಲದಲ್ಲಿ ಅಂಗಮಾರಿ ರೋಗ ಬಂದು ಬೆಳೆ ಹಾಳಾದ್ರೆ ಮನೆ ಮುಂದೆ ನಾಲ್ಕು ಜನ ಬಂದು ಕೂರೋರು. ಈಗ ಹೊಲದ ಬದೀಲಿ ಒಬ್ಬನೇ ನಿಂತ್ಕಂಡು ನೋಡ್ಬೇಕು.

ಕೆಂಪುದಾಸವಾಳ · ಸೋಮವಾರ, ಬೆಳಿಗ್ಗೆ 7:15

ಎಲ್ಲರ ಮಾತೂ ಓದಿದೆ. ಮಳೆನೆರಳು ಅವರೇ, ನಿಮ್ಮ ನೋವು ನಿಜ, ಅದನ್ನ ಒಂದು ಚೂರೂ ಕಡಿಮೆ ಮಾಡ್ತಿಲ್ಲ. ಆದ್ರೆ ಆ ಹೆಪ್ಪಿನ ಬಟ್ಟಲ ಬಗ್ಗೆ ನಾನು ಹೇಳಲೇಬೇಕು.

ನಮ್ಮ ಊರು ಹಾಸನ ತಾಲ್ಲೂಕಿನಲ್ಲೇ. ನಮ್ಮ ಕೇರಿಯ ಹೆಪ್ಪನ್ನ ಊರಿನ ಯಾರೂ ಕೇಳ್ತಿರಲಿಲ್ಲ. ನಾವೂ ಕೇಳೋ ಹಾಗಿರಲಿಲ್ಲ. ನಮ್ಮಮ್ಮ ಎರಡು ಎಮ್ಮೆ ಕಟ್ಟಿದ್ರು, ಅವರು ಹಾಕಿದ ಮೊಸರು ಕತ್ತರಿಸಬೇಕು ಅಷ್ಟು ಗಟ್ಟಿ ಇರೋದು, ಅದನ್ನ ತಿಂದವರು ನಾವು ನಾವೇ. ಗಡ್ಡೆಹೊಲ ಅಣ್ಣ, ನೀವು ಹೇಳಿದ ಜಗಲಿಯ ಮೇಲೆ ಕೂತು ಗಡ್ಡೆ ಕುಯ್ದವರಲ್ಲಿ ನಮ್ಮಪ್ಪ ಇರಲಿಲ್ಲ. ಅಂಗಳದಲ್ಲಿ ಬೇರೆ ರಾಶಿ ಹಾಕಿಕೊಡೋರು. ಎಲ್ಲರ ಮಾತೂ ಕೇಳಿಸ್ತಿತ್ತು. ಮಾತಾಡಿ ಅಂತ ನಮ್ಮನ್ನ ಯಾರೂ ಕರೀತಿರಲಿಲ್ಲ.

ನಾನು ಕೆಲಸ ಸಿಕ್ಕಿ ಪೇಟೆಗೆ ಬಂದೆ. ಮನೆ ಹುಡುಕುವಾಗ "ನೀವು ಯಾವ ಜನ?" ಅನ್ನೋ ಪ್ರಶ್ನೆ ಎಷ್ಟು ಬಾಗಿಲಲ್ಲಿ ಕೇಳಿಸ್ಕೊಂಡಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಕೊನೆಗೆ ಒಂದು ಮನೆ ಸಿಕ್ತು. ಪಕ್ಕದಲ್ಲಿ ಕೇರಳದ ಒಬ್ಬ ನರ್ಸ್ ಇದ್ರು, ಆಸ್ಪತ್ರೆಯಿಂದ ರಾತ್ರಿ ತಡವಾಗಿ ಬರೋರು. ಒಂದು ದಿನ ಒಂಬತ್ತು ಗಂಟೆಗೆ ಬಾಗಿಲು ತಟ್ಟಿ, ಸ್ಟೀಲ್ ಲೋಟ ಮುಂದೆ ಹಿಡಿದು, ಅರೆಬರೆ ಕನ್ನಡದಲ್ಲಿ "ಚೇಚಿ, ಸ್ವಲ್ಪ ಮೊಸರು ಕೊಡಿ, ಹೆಪ್ಪಿಗೆ" ಅಂದ್ರು. ನಾನು ಅಡುಗೆಮನೆಗೆ ಹೋದವಳು ಅಲ್ಲೇ ಎರಡು ನಿಮಿಷ ನಿಂತುಬಿಟ್ಟೆ. ನನಗೆ ಆಗ 31 ವರ್ಷ. ನಮ್ಮನೆ ಹೆಪ್ಪನ್ನ ಹೊರಗಿನವರೊಬ್ಬರು ಕೇಳಿದ್ದು ಅದೇ ಮೊದಲು. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ದೊಡ್ಡ ಚಮಚದಲ್ಲಿ ಕೊಟ್ಟೆ ತಾನೆ?" ಅಂದ್ರು.

ಅದಕ್ಕೇ ಹಿಂದಿನದೇ ಚೆನ್ನಾಗಿತ್ತು ಅನ್ನೋ ಮಾತಿಗೆ ನನ್ನಿಂದ ತಲೆಯಾಡಿಸೋಕಾಗಲ್ಲ. ನಿಮಗೆ ಒಂಟಿತನ ಕೊಟ್ಟ ಈ ಪೇಟೆಯೇ ನನಗೆ ನೆರೆಮನೆಯವರನ್ನ ಕೊಟ್ಟಿದೆ.

ಮಳೆನೆರಳು · ಸೋಮವಾರ, ಬೆಳಿಗ್ಗೆ 8:30

ಮೂರು ಸಲ ಓದಿದೆ. ನಮ್ಮಮ್ಮ ನನ್ನನ್ನ ಯಾವ ಮನೆಗೆ ಕಳಿಸ್ತಿದ್ರು, ಯಾವ ಮನೆಗೆ ಕಳಿಸ್ತಿರಲಿಲ್ಲ ಅಂತ ಇವತ್ತು ಕೂತು ನೆನಪಿಸ್ಕೊಂಡೆ. ನೀವು ಹೇಳಿದ ಹಾಗೇ ಇತ್ತು. ನಮ್ಮ ಬೀದಿ ತುದಿಯಲ್ಲಿ ಒಂದು ಮನೆ ಇತ್ತು, ಅವರ ಮಗಳು ನನ್ನ ಕ್ಲಾಸ್‌ಮೇಟ್. ಆ ಮನೆಗೆ ಬಟ್ಟಲು ಹಿಡ್ಕೊಂಡು ಹೋದ ನೆನಪೇ ಇಲ್ಲ. ಯಾಕೆ ಅಂತ ನಾನೂ ಯಾವತ್ತೂ ಕೇಳಲಿಲ್ಲ. ಅದು ತಪ್ಪು.

ಹೆಪ್ಪು ಕೇಳೋ ಪದ್ಧತಿ ಮತ್ತೆ ಬರಲಿ ಅಂತ ಈಗಲೂ ನನಗಾಸೆ ಇದೆ, ಆದ್ರೆ ಹಳೇ ಬಾಗಿಲುಗಳಿಗೆ ಮಾತ್ರ ಅಲ್ಲ.

ಗಡ್ಡೆಹೊಲ · ಸೋಮವಾರ, ಮಧ್ಯಾಹ್ನ 1:20

ತಂಗಿ, ಅಂಗಳದ ರಾಶಿ ನಮ್ಮನೆಲೂ ಇತ್ತು. ಬರೆಯುವಾಗ ಅದು ನನ್ನ ನೆನಪಿಗೇ ಬರ್ಲಿಲ್ಲ ನೋಡು. ನೀನು ಹೇಳಿದ್ದು ಒಳ್ಳೇದಾಯ್ತು.

ಇಂಟರ್‌ಸಿಟಿ_ಕಿಟಕಿ · ಸೋಮವಾರ, ಸಂಜೆ 6:45

ಜನ ಸಿಕ್ಕಿದ್ದು ಎಲ್ಲಿ ಅಂತ ಕೇಳಿದ್ರಲ್ಲ, ನನಗೆ ಸಿಕ್ಕಿದ್ದು ರೈಲಲ್ಲಿ.

ಮೊದಲು ಬೆಂಗಳೂರಿಂದ ಹಾಸನಕ್ಕೆ ರೈಲಲ್ಲಿ ಬರಬೇಕಂದ್ರೆ ತುಮಕೂರು, ಅರಸೀಕೆರೆ ಸುತ್ತಬೇಕಿತ್ತು, ಇಲ್ಲ ಮೈಸೂರು ಕಡೆಯಿಂದ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ನೇರ ದಾರಿ ಶುರುವಾಯ್ತು. ಅವತ್ತಿಂದ ನಾನು ವಾರಕ್ಕೊಂದು ಸಲ ಬಂದು ಹೋಗ್ತೀನಿ, ಹೆಂಡತಿ ಮಕ್ಕಳು ಹಾಸನದಲ್ಲಿ, ಕೆಲಸ ಬೆಂಗಳೂರಲ್ಲಿ. ಮೊದಲ ವರ್ಷ ಕಿವಿಗೆ ಇಯರ್‌ಫೋನ್ ಹಾಕಿ ಕೂತ್ಕೊಳ್ತಿದ್ದೆ. ಒಂದು ಸಲ ಅದು ಕೆಟ್ಟುಹೋಯ್ತು. ಎಡಿಯೂರು ದಾಟೋ ಹೊತ್ತಿಗೆ ಎದುರಿಗಿದ್ದವರು ಕಡ್ಲೆಕಾಯಿ ಪೊಟ್ಟಣ ಮುಂದೆ ಹಿಡಿದ್ರು. ಅಷ್ಟೇ ಶುರು. ಈಗ ನಾವು ಎಂಟು ಜನ ಇದ್ದೀವಿ. ನಮ್ಮಲ್ಲೊಬ್ಬರ ಮಗಳಿಗೆ ಆಪರೇಷನ್ ಆದಾಗ ರಕ್ತ ಕೊಟ್ಟವರು ಮೂವರೂ ಬೋಗಿಯವರೇ.

ನಾನು ಕಂಡುಕೊಂಡಿದ್ದು ಇಷ್ಟು: ಒಂದೇ ಜಾಗ, ಒಂದೇ ಹೊತ್ತು, ಮತ್ತೆ ಮತ್ತೆ ಅದೇ ಮುಖ. ಸ್ನೇಹ ಮಾಡ್ಕೊಳ್ಳೋಕೆ ಅಂತ ಯಾರೂ ಬಂದಿರಲಿಲ್ಲ. ಊರಿಗೆ ಹೋಗೋಕೆ ಬಂದಿದ್ವಿ, ಅಷ್ಟರಲ್ಲಿ ಆಯ್ತು.

ರೊಟ್ಟಿಬುತ್ತಿ · ಸೋಮವಾರ, ರಾತ್ರಿ 11:30

ನಾ ಬೀದರ ಕಡಿಯಾಂವ, ಇಲ್ಲೆ ಹಾಸನದಾಗ ಎಂಜಿನಿಯರಿಂಗ್ ಓದಾಕತ್ತೀನಿ. ವಯಸ್ಸು 19. ದೊಡ್ಡವರ ನಡುವ ಮಾತಾಡಾಕ ಅಂಜಿಕಿ ಆಗ್ತದ, ಆದ್ರೂ ಕೇಳ್ತೀನ್ರಿ.

ಮೊದಲ ಸೆಮಿಸ್ಟರ್‌ದಾಗ ನಾ ಬಾಯಿ ತೆಗದ್ರ ಹಾಸ್ಟೆಲ್ ಹುಡುಗೂರು ನಗ್ತಿದ್ರು. ನನ್ನ ಮಾತು ಮತ್ತ ನನಗ ಒಪ್ಪಿಸಿ ತೋರಸ್ತಿದ್ರು. ಆಮ್ಯಾಲ ನಾ ಮಾತಾಡೂದನ್ನ ಕಡಿಮಿ ಮಾಡಿದೆ. ಮೆಸ್ಸಿನಾಗ ಎಲ್ಲಾರೂ ತಟ್ಟಿ ಮುಂದ ಫೋನ್ ನಿಲ್ಲಿಸಿ ಉಣ್ತಾರ, ನಾನೂ ಹಾಂಗ ಮಾಡ್ತೀನಿ, ಯಾಕಂದ್ರ ಸುಮ್ನ ಕುಂತ್ರ ಒಬ್ಬಾಂವ ಇದ್ದೀನಂತ ಕಾಣ್ತದ. ಅವ್ವ ಫೋನ್ ಮಾಡಿದ್ರ ದೋಸ್ತರ ಕೂಡ ಇದ್ದೀನಿ ಅಂತೀನಿ. ಮಾತು ಶುರು ಮಾಡೂದು ಹ್ಯಾಂಗ್ರಿ? ಖರೇನ ಕೇಳಾಕತ್ತೀನಿ.

ಬೋರೆಯ_ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:10

ಮಗೂ, ನಾನು ಚಿಕ್ಕಮಗಳೂರಿನಲ್ಲಿ 34 ವರ್ಷ ಶಾಲೆಯಲ್ಲಿ ಪಾಠ ಹೇಳಿದವನು. ಮೊದಲನೆಯ ಮಾತು: ನಿನ್ನ ಕನ್ನಡವನ್ನು ಬಿಡಬೇಡ. ನಕ್ಕವರಿಗೆ ಇನ್ನೊಂದು ಕನ್ನಡ ಕೇಳಿ ಅಭ್ಯಾಸವಿಲ್ಲ, ಅದು ಅವರ ಕೊರತೆ. ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬರುತ್ತದೆಯೇ? ಮುಂದಿನ ಸಲ ಬಂದಾಗ ಡಬ್ಬಿಯನ್ನು ರೂಮಿನಲ್ಲಿ ತೆಗೆಯಬೇಡ, ಮೆಸ್ಸಿನ ಮೇಜಿನ ಮೇಲೆ ತೆಗೆ. ಯಾರನ್ನೂ ಕರೆಯುವುದು ಬೇಡ, ಪಕ್ಕದವನ ಕಡೆ ಡಬ್ಬಿಯನ್ನು ಸ್ವಲ್ಪ ಸರಿಸು ಸಾಕು.

ಈಗ ನನ್ನ ಕಥೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಗ ಹೊರದೇಶದಲ್ಲಿದ್ದಾನೆ, ದಿನಾ ವಿಡಿಯೋ ಕಾಲ್ ಮಾಡುತ್ತಾನೆ, ಅವನ ಮೇಲೆ ದೂರಿಲ್ಲ. ರತ್ನಗಿರಿ ಬೋರೆಗೆ ಬೆಳಿಗ್ಗೆ ವಾಕಿಂಗ್ ಹೋಗಲು ಶುರು ಮಾಡಿದೆ. ಅಲ್ಲಿ ಒಂದು ಬೆಂಚಿನಲ್ಲಿ ನಾವು ಏಳು ಜನ ಕೂರುತ್ತಿದ್ದೆವು. ಮಳೆ ಬಿಟ್ಟ ದಿನ ಎದುರಿಗೆ ಚಂದ್ರದ್ರೋಣದ ಸಾಲು ಪೂರ್ತಿ ತೆರೆದುಕೊಳ್ಳುತ್ತದೆ, ಅದನ್ನು ನೋಡುತ್ತಾ ಕಾಫಿ ದರ, ಮಳೆಯ ಲೆಕ್ಕ, ಮೊಣಕಾಲು ನೋವು ಮಾತಾಡುತ್ತಿದ್ದೆವು. ಎರಡು ವರ್ಷ ಹೀಗೆಯೇ ನಡೆಯಿತು.

ಒಮ್ಮೆ ನಮ್ಮಲ್ಲೊಬ್ಬರು ಒಂದು ವಾರ ಬರಲಿಲ್ಲ. ವಿಚಾರಿಸೋಣ ಎಂದರೆ ಅವರ ಹೆಸರೇ ಯಾರಿಗೂ ಗೊತ್ತಿರಲಿಲ್ಲ! ಬಿಳಿ ಶೂ ಹಾಕುತ್ತಿದ್ದರು, ಹಾಗಾಗಿ ನಮಗೆಲ್ಲ ಬಿಳಿ ಶೂ ಸಾಹೇಬರು. ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ, ಒಂದೂ ಗೊತ್ತಿಲ್ಲ. ಎರಡು ವರ್ಷ ಭುಜಕ್ಕೆ ಭುಜ ತಾಗಿಸಿ ಕೂತವರು ನಾವು. ಆ ವಾರ ನನಗೆ ನಿದ್ದೆ ಬರಲಿಲ್ಲ. ಎರಡನೇ ವಾರ ಅವರ ಮೊಮ್ಮಗಳು ಬೋರೆಗೆ ಬಂದು ಹುಡುಕಿದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. "ಬೆಂಚಿನವರಿಗೆ ಹೇಳಿ ಬಾ, ಕಾಯುತ್ತಿರುತ್ತಾರೆ" ಎಂದು ತಾತ ಕಳಿಸಿದರಂತೆ.

ಅಂದೇ ಸಂಜೆ ಹೋಗಿ 100 ಪುಟದ ಒಂದು ನೋಟ್‌ಬುಕ್ ತಂದೆ. ಹೆಸರು, ಮನೆ ಇರುವ ಬೀದಿ, ಮನೆಯವರ ಫೋನ್, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ. ಇವತ್ತಿಗೆ ಅದರಲ್ಲಿ 26 ಜನ ಇದ್ದಾರೆ. ಎರಡು ದಿನ ಬರದಿದ್ದರೆ ಫೋನ್, ಮೂರನೇ ದಿನ ಯಾರಾದರೊಬ್ಬರು ಮನೆಗೆ ಹೋಗುವುದು. ಬಿಳಿ ಶೂ ಸಾಹೇಬರು ಈಗ ಕೋಲು ಹಿಡಿದು ಬರುತ್ತಾರೆ, ಬೆಂಚಿನ ತುದಿಯ ಜಾಗ ಅವರಿಗೇ.

ಮಳೆನೆರಳು ಅವರೇ, ಮೊದಲು ಆ ಹಾಲಿನ ಹುಡುಗನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ಸಂತೆಪೇಟೆ_ಹೂವು · ಮಂಗಳವಾರ, ಬೆಳಿಗ್ಗೆ 9:00

ಹಾಸನಾಂಬ ಗುಡಿ ಬಾಗಿಲು ತೆಗೆದಾಗ ನಮ್ಮೂರು ನೋಡಿ. ವರ್ಷಕ್ಕೊಂದೇ ಸಲ, ಆಶ್ವಯುಜ ಹುಣ್ಣಿಮೆ ಆದ ಮೇಲಿನ ಗುರುವಾರ ತೆಗೆಯೋದು, ಬಲಿಪಾಡ್ಯಮಿ ಕಳೆದ ಮೇಲೆ ಹಾಕೋದು. ಒಂದು ಸಲ ಧರ್ಮದರ್ಶನದ ಸಾಲಲ್ಲಿ ಐದು ಗಂಟೆ ನಿಂತಿದ್ದೆ. ಹಿಂದೆ ಇದ್ದ ಹೆಂಗಸಿನ ಮಗು ನನ್ನ ಹೆಗಲ ಮೇಲೇ ನಿದ್ದೆ ಹೋಯ್ತು, ಮುಂದಿದ್ದವರು ಚಿತ್ರಾನ್ನದ ಡಬ್ಬಿ ತೆಗೆದು ಎಲ್ಲರ ಕೈಗೂ ಹಾಕಿದ್ರು. ಸಾಲಲ್ಲಿದ್ದಷ್ಟು ಹೊತ್ತು ಯಾರೂ ಯಾರ ಹೆಸರೂ ಕೇಳಲಿಲ್ಲ. ಆ ಹೆಂಗಸು ಈಗಲೂ ಹಬ್ಬಕ್ಕೆ ಮೆಸೇಜ್ ಮಾಡ್ತಾರೆ. ಬಾಗಿಲು ಹಾಕಿದ ಮಾರನೇ ದಿನ ಅದೇ ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಲ್ಲ. ಆಗ ತುಂಬಾ ಬೇಜಾರಾಗುತ್ತೆ.

ಜೀಪು_ಗಿರಿ · ಮಂಗಳವಾರ, ಮಧ್ಯಾಹ್ನ 3:15

ಚಿಕ್ಕಮಗಳೂರಲ್ಲಿ ಜೀಪ್ ಓಡಿಸ್ತೀನಿ. ಶನಿವಾರ ಭಾನುವಾರ ಬಂತಂದ್ರೆ ಗಿರಿ ರಸ್ತೆ ತುಂಬಾ ಬೆಂಗಳೂರು ಕಾರು. ಒಂದು ಸಲ ಅರವತ್ತು ದಾಟಿದ ಒಬ್ಬರು ಒಬ್ಬರೇ ಬಂದ್ರು. ಮುಳ್ಳಯ್ಯನಗಿರಿ ಮೇಲೆ ಮಂಜು ಮುಚ್ಚಿ ಏನೂ ಕಾಣ್ತಿರಲಿಲ್ಲ. ಇಳಿದು ನೋಡಿ ಸರ್ ಅಂದೆ. "ಬೇಡಪ್ಪ, ನೀನೂ ಎಂಜಿನ್ ಆಫ್ ಮಾಡಿ ಕೂತ್ಕೋ, ಒಂದು ಗಂಟೆ ಮಾತಾಡೋಣ, ವೆಯ್ಟಿಂಗ್ ದುಡ್ಡು ಕೊಡ್ತೀನಿ" ಅಂದ್ರು. ನನ್ನ ಮಗಳ ಓದು, ಜೀಪಿನ ಸಾಲ, ಅಮ್ಮನ ಶುಗರ್ ಎಲ್ಲಾ ಕೇಳಿದ್ರು. ವೆಯ್ಟಿಂಗ್ ದುಡ್ಡು ತಗೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ.

ರಾತ್ರಿಪಾಳಿ · ಮಂಗಳವಾರ, ರಾತ್ರಿ 8:20

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡೋಳು. ನಮ್ಮ ಬಳಿ ಬರೋವರಲ್ಲಿ ಎಷ್ಟೋ ಜನ ತಲೆನೋವು, ನಿದ್ದೆ ಇಲ್ಲ, ಹೊಟ್ಟೆ ಉರಿ ಅಂತ ಬಂದು, ಕೂರಿಸಿ ಮಾತಾಡಿಸಿದ ಮೇಲೆ "ಮನೇಲಿ ನನ್ನ ಜೊತೆ ಯಾರೂ ಮಾತಾಡಲ್ಲ" ಅಂತಾರೆ.

ಇದು ಮನಸ್ಸಿಗೆ ಮಾತ್ರ ಸಂಬಂಧಿಸಿದ್ದಲ್ಲ ಅಂತ ಈಗ ಪ್ರಪಂಚವೇ ಒಪ್ಪಿದೆ. ಪ್ರಪಂಚದಲ್ಲಿ 6 ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡ್ತಿದೆ, ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ವರದಿ ಕೊಟ್ಟಿತು. ಅದಕ್ಕೂ ಮುಂಚೆ 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಮುಖ್ಯ ವೈದ್ಯಾಧಿಕಾರಿ) ಆಗಿದ್ದ ವಿವೇಕ್ ಮೂರ್ತಿ ಇದರ ಮೇಲೇ ಒಂದು ಎಚ್ಚರಿಕೆ ಹೊರಡಿಸಿದ್ರು. ಅವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಹಾರ್ವರ್ಡ್‌ನವರು 1938ರಿಂದ ನೂರಾರು ಜನರ ಇಡೀ ಬದುಕನ್ನೇ ಹಿಂಬಾಲಿಸಿ ನೋಡ್ತಾ ಬಂದಿದ್ದಾರೆ. 50ರ ವಯಸ್ಸಲ್ಲಿ ತಮ್ಮ ಸಂಬಂಧಗಳ ಬಗ್ಗೆ ನೆಮ್ಮದಿಯಿಂದ ಇದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ರು. ಮುಂದೆ ಆರೋಗ್ಯ ಹೇಗಿರುತ್ತೆ ಅಂತ ಕೊಲೆಸ್ಟ್ರಾಲ್ ಲೆಕ್ಕಕ್ಕಿಂತ ಅದೇ ಹೆಚ್ಚು ಖಚಿತವಾಗಿ ಹೇಳ್ತಿತ್ತಂತೆ.

ಒಂದು ವಿಷಯ ಮಾತ್ರ ಎಲ್ಲರೂ ಗಮನಿಸಿ. ಜನ ಸಿಕ್ಕಿದ್ರೆ ಕಡಿಮೆಯಾಗೋದು ಒಂಟಿತನ. ಜನ ಸುತ್ತ ಇದ್ರೂ ಎರಡು ವಾರಕ್ಕಿಂತ ಹೆಚ್ಚು ದಿನ ಏನೂ ಬೇಡ ಅನ್ನಿಸೋದು, ನಿದ್ದೆ ಊಟ ಕೆಡೋದು, ಸಾಯೋ ಯೋಚನೆ ಬರೋದು ಬೇರೆ. ಅದಕ್ಕೆ ಚಿಕಿತ್ಸೆ ಬೇಕು. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡಬಹುದು. ರೊಟ್ಟಿಬುತ್ತಿ, ನಿನಗೂ ಹೇಳ್ತಿದೀನಿ. ಬೀದರ ಕನ್ನಡದಾಗೇ ಮಾತಾಡು.

ರೊಟ್ಟಿಬುತ್ತಿ · ಗುರುವಾರ, ರಾತ್ರಿ 10:05

ಇವತ್ತ ಅವ್ವ ಬಸ್ಸಿಗಿ ಹಾಕಿದ ರೊಟ್ಟಿ ಬಂತ್ರಿ. ಮೇಷ್ಟ್ರ ಹೇಳಿದಾಂಗ ಮೆಸ್ಸಿನಾಗ ತಗದೆ. ಎದಿ ಡವಡವ ಅಂತಿತ್ತು. ಪಕ್ಕದಾಗ ಕುಂತಾಂವ ಅರಕಲಗೂಡಿನ ಹುಡುಗ, ಮೊದಲ ನನ್ನ ಮಾತಿಗಿ ನಗ್ತಿದ್ದಾಂವನ ಅವ. ಒಂದು ತುಣುಕು ಮುರಕೊಂಡ, ಹಿಂಡಿ ಹಚ್ಚಿಕೊಂಡ. "ಲೋ, ಇದು ಇಷ್ಟು ಖಾರ ಇರುತ್ತಾ?" ಅಂತ ಕಣ್ಣಾಗ ನೀರು ತಂದ. ಆಮ್ಯಾಲ ಇನ್ನೊಂದು ಕೇಳಿದ. ಫೋನ್ ಕಿಸೆದಾಗ ಇತ್ತು ಇಬ್ಬರದೂ. ಇಷ್ಟ ಆಗೇದ್ರಿ, ಹೆಚ್ಚೇನಿಲ್ಲ.

ಕೆಂಪುದಾಸವಾಳ · ಗುರುವಾರ, ರಾತ್ರಿ 10:30

ಇದನ್ನ ಓದಿ ಅಮ್ಮನಿಗೂ ಓದಿ ಹೇಳಿದೆ ತಮ್ಮಾ. ಮುಂದಿನ ಸಲ ಮೊಸರು ಇಟ್ಕೋ ಜೊತೆಗೆ, ಖಾರಕ್ಕೆ.

ಮಳೆನೆರಳು · ಭಾನುವಾರ, ಸಂಜೆ 7:40

ಒಂದು ವಾರ ಆಯ್ತು. ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯೋಕಾಗಿಲ್ಲ, ಆದ್ರೆ ಎಲ್ಲವನ್ನೂ ಓದಿದೀನಿ.

ಮೇಷ್ಟ್ರೇ, ಹಾಲಿನ ಹುಡುಗನ ಹೆಸರು ಕೇಳಿದೆ, ಬರೆದಿಟ್ಟುಕೊಂಡೆ. ಪಿಯುಸಿ ಓದ್ತಿದಾನೆ, ಅಕೌಂಟೆನ್ಸಿ ಕಷ್ಟ ಅಂದ. ಶನಿವಾರ ಸಂಜೆ ಬಾ ಅಂದಿದೀನಿ.

ಬುಧವಾರ ರಾತ್ರಿ ಪ್ಯಾಕೆಟ್ ಮೊಸರು ತರಿಸದೇ ಬೇಕಂತಲೇ ಹಾಲು ಕಾಯಿಸಿಟ್ಟೆ. ಬಟ್ಟಲು ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತೆ, ಎರಡು ಸಲ ವಾಪಸ್ ಹತ್ತಿದೆ. ಈ ವಯಸ್ಸಲ್ಲಿ ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ಧೈರ್ಯ ಬೇಕಾಗುತ್ತೆ ಅಂತ ಗೊತ್ತಿರಲಿಲ್ಲ. ಕೊನೆಗೆ ಬೆಲ್ ಒತ್ತಿದೆ. ಕೆಳಗಿನ ಮನೆಯವರು ಉರ್ದು ಮಾತಾಡೋರು, ಅಜ್ಜಿಗೆ ಕನ್ನಡ ಚೆನ್ನಾಗಿ ಬರುತ್ತೆ. ಬಟ್ಟಲು ನೋಡಿದ ತಕ್ಷಣ ಅಜ್ಜಿ "ಹೆಪ್ಪಿಗಾ?" ಅಂದ್ರು. ನಾನು ಬಾಯೇ ತೆಗೆದಿರಲಿಲ್ಲ. ಜ್ವರದ ವಿಷಯ ಆಮೇಲೆ ಹೇಗೋ ಮಾತಿಗೆ ಬಂತು. ಅಜ್ಜಿ ಕೈಯಲ್ಲಿದ್ದ ಚಮಚ ಕೆಳಗಿಟ್ಟು, ನನ್ನ ಹಣೆ ಮುಟ್ಟಿ ನೋಡಿದ್ರು, ಜ್ವರ ಬಿಟ್ಟು ತಿಂಗಳಾಗಿದ್ರೂ. "ಬ್ಯಾಗ್ ನೋಡಿದ್ದೆ ಮಗಾ, ನೀನು ಏನಂದ್ಕೋತೀಯೋ ಅಂತ ಕೇಳಲಿಲ್ಲ" ಅಂದ್ರು.

ನಿನ್ನೆ ಅವರೇ ಮೇಲೆ ಬಂದ್ರು. ಸಕಲೇಶಪುರದಲ್ಲಿ ಮದುವೆ ಇದೆ, ಮನೆಯವರೆಲ್ಲ ಮೂರು ದಿನ ಇರಲ್ಲ, ಹಿತ್ತಲಲ್ಲಿ ಕೋಳಿ ಇದಾವೆ, ಕಾಳು ಹಾಕಿ ನೀರಿಡ್ತೀಯಾ ಅಂತ ಕೇಳಿದ್ರು. ಬೀಗದ ಕೈ ಕೊಟ್ಟಿದ್ದಾರೆ. ನನ್ನ ಬೀಗದ ಕೈ ಪಕ್ಕದಲ್ಲೇ ಅದೇ ಮೊಳೆಗೆ ಹಾಕಿದೀನಿ. ಐದು ಕೋಳಿ, ಒಂದು ಹುಂಜ. ಈಗಷ್ಟೇ ಎಣಿಸಿ, ಗೂಡು ಮುಚ್ಚಿ ಬಂದೆ.